ಮಾರುತಿ ಎಸ್ಟೀಮ್ ಕಾರಿಗೆ ಫ್ರೀ-ಫ್ಲೋ ಮ್ಯಾನಿಫೋಲ್ಡ್ ಹಾಕುವಾಗ ಇಂಜಿನ್ ಹೆಡ್‌ನ ಥ್ರೆಡ್ ಕಿತ್ತುಬಂತು. ಹೆಡ್ಡೇ ಬದಲಿಸಬೇಕಾ?

ಬೇಡ್ರಿ. ಹೆಡ್ ಬದಲಿಸುವ ಕೆಲಸ ಅಲ್ಲ ಇದು. ಮನೆಯಲ್ಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ ಹೊಗೆಯನ್ನು ಹೊರಗೆ ಒಯ್ಯುವ ಪೈಪುಗಳ ಗುಂಪು) ಕೂರಿಸುವಾಗ ತುದಿಯ ಎಂ8 ಸ್ಟಡ್ (8 ಮಿ.ಮೀ. ದಪ್ಪದ, ತಲೆಯಿಲ್ಲದ ಬೋಲ್ಟ್), ಥ್ರೆಡ್ ಪಿಚ್ 1.25, ಅಲ್ಯೂಮಿನಿಯಂ ಥ್ರೆಡ್ ಸಮೇತ ಹೊರಗೆ ಬಂತು ಅಂತ ಬರೆದಿದ್ದೀರಿ. ಒಬ್ಬರು ಹೆಡ್ ಬದಲಿಸಿ ಅಂದರು, ಇನ್ನೊಬ್ಬರು ಎಂ10 ಟ್ಯಾಪ್ ಹೊಡೆಸಿ, ಅಂದರೆ ದೊಡ್ಡ ಥ್ರೆಡ್ ಕೊರೆಸಿ ಅಂದರು, ಮತ್ತೊಬ್ಬರು ಎಪಾಕ್ಸಿ ಅಂಟು ತುಂಬಿ ಅಂದರು. ನಾನು ಬೆಳಗಾವಿ ಉದ್ಯಮಬಾಗದಲ್ಲಿ ಮಶೀನ್ ಶಾಪ್ ಕೆಲಸದವನು. ನನ್ನ ಉತ್ತರ ನಾಲ್ಕನೆಯದು: ಹೆಲಿಕಾಯಿಲ್ ಹಾಕಿ, ಅದೇ ಎಂ8 ಅಳತೆಯನ್ನು ಉಳಿಸಿಕೊಳ್ರಿ.

ಎಪಾಕ್ಸಿಯ ಮಾತು ಬಿಟ್ಟುಬಿಡ್ರಿ, ಎಕ್ಸಾಸ್ಟ್ ಪೋರ್ಟ್ ಪಕ್ಕದ ಶಾಖಕ್ಕೆ ಅದು ನಿಲ್ಲುವುದಿಲ್ಲ. ಎಂ10 ಕೇಳಲು ಸುಲಭ. ಆದರೆ ಮ್ಯಾನಿಫೋಲ್ಡ್ ಫ್ಲೇಂಜ್‌ನ (ಹೆಡ್‌ಗೆ ಕೂರುವ ಚಪ್ಪಟೆ ಅಂಚಿನ) ತೂತನ್ನೂ ದೊಡ್ಡದು ಮಾಡಬೇಕು, ದೊಡ್ಡ ನಟ್ಟಿಗೆ ಎರಡು ಪೈಪುಗಳ ನಡುವೆ ಪಾನಾ ಹೋಗುವುದಿಲ್ಲ.

ಹೆಲಿಕಾಯಿಲ್ ಅಂದರೆ ಪೆನ್ನಿನ ಸ್ಪ್ರಿಂಗ್‌ನಂಥ ಸ್ಟೇನ್‌ಲೆಸ್ ತಂತಿಯ ಸುರುಳಿ. ಹೊರಮೈ ಅಲ್ಯೂಮಿನಿಯಂನಲ್ಲಿ ದೊಡ್ಡ ಥ್ರೆಡ್ ಆಗಿ ಕಚ್ಚಿಕೊಳ್ಳುತ್ತದೆ, ಒಳಮೈಯಲ್ಲಿ ನಿಮ್ಮ ಹಳೆಯ ಎಂ8 ಥ್ರೆಡ್ಡೇ ಸಿಗುತ್ತದೆ. ಎಳೆತ ಅಗಲವಾದ ಲೋಹದ ಮೇಲೆ ಹಂಚಿಹೋಗುವುದರಿಂದ ಸರಿಯಾಗಿ ಕೂತದ್ದು ಮೂಲ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿ. ವಿಮಾನದ ಇಂಜಿನ್‌ಗಳಲ್ಲಿ ಹೊಸದಿದ್ದಾಗಲೇ ಇಂಥ ಇನ್ಸರ್ಟ್ ಹಾಕಿರುತ್ತಾರೆ. ಆದ್ದರಿಂದ ಇದನ್ನು ತೇಪೆ ಅಂತ ಅಂದುಕೊಳ್ಳಬೇಡ್ರಿ.

ಹೆಲಿಕಾಯಿಲ್ ಕಿಟ್‌ನಲ್ಲಿ ಬರುವ ಡ್ರಿಲ್ ಸಾಮಾನ್ಯವಾಗಿ 8.3 ಮಿ.ಮೀ. ಟ್ಯಾಪ್ ಮೇಲೂ ಎಂ8 ಅಂತಲೇ ಬರೆದಿರುತ್ತದೆ, ಆದರೆ ಅದರ ಹೊರವ್ಯಾಸ ಸುಮಾರು 9.6 ಮಿ.ಮೀ. ಪೆಟ್ಟಿಗೆಯಲ್ಲಿರುವ ಸಾದಾ ಎಂ8 ಟ್ಯಾಪ್ ಇಲ್ಲಿ ನಡೆಯುವುದಿಲ್ಲ.

ಇನ್ನು ಮುಖ್ಯ ವಿಷಯ. ಈ ಕೆಲಸ ಕೆಡುವುದು ಸುರುಳಿಯಿಂದಲ್ಲ, ತೂತು ವಾರೆಯಾಗುವುದರಿಂದ. ಕೈಯಲ್ಲಿ ಡ್ರಿಲ್ ಹಿಡಿದು, ಬಾನೆಟ್ ಮೇಲೆ ಬಾಗಿ, ಕಣ್ಣಂದಾಜಿನಲ್ಲಿ ತೂತು ಹೊಡೆದರೆ ಬಿಟ್ ಹಳೇ ಗಾಯದ ಕಡೆಗೇ ಜಾರುತ್ತದೆ. ಸ್ಟಡ್ ಎರಡು ಡಿಗ್ರಿ ವಾರೆ ನಿಂತರೂ ಫ್ಲೇಂಜ್ ಒಳಗೆ ಹೋಗದು, ಎಳೆದು ಕೂರಿಸಿದರೆ ಮತ್ತೆ ಅದೇ ಥ್ರೆಡ್‌ಗೆ ಪೆಟ್ಟು. ಹಳೇ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ತಗೊಂಡು ಉದ್ಯಮಬಾಗಕ್ಕೆ ಬರ್ರಿ. ಒಂದು ಸಣ್ಣ ಮಶೀನ್ ಶಾಪ್‌ನಲ್ಲಿ 25 ಮಿ.ಮೀ. ದಪ್ಪದ ಸ್ಟೀಲ್ ಪಟ್ಟಿಗೆ ಆ ಗ್ಯಾಸ್ಕೆಟ್ ಅಳತೆಯಲ್ಲಿ ಮೂರು ತೂತು ಹಾಕಿಸ್ರಿ: ಉಳಿದ ಸ್ಟಡ್‌ಗಳಲ್ಲಿ ಎರಡರ ಮೇಲೆ ಬಿಗಿಯಾಗಿ ಕೂರುವಂಥ ಎರಡು, ಕೆಟ್ಟ ಜಾಗದ ಮೇಲೆ ಸರಿಯಾಗಿ 8.3ರ ಇನ್ನೊಂದು. ತೂತುಗಳು ಪಿಲ್ಲರ್ ಡ್ರಿಲ್‌ನಲ್ಲಿ ನೇರ ಬಿದ್ದಿರಬೇಕು, ಅಷ್ಟೇ. ಆ ಪಟ್ಟಿಯನ್ನು ಎರಡು ನಟ್ಟಿನಿಂದ ಹೆಡ್‌ಗೆ ಬಿಗಿದರೆ ಬಿಟ್‌ಗೆ ವಾರೆ ಹೋಗಲು ದಾರಿಯೇ ಇರುವುದಿಲ್ಲ. ಡ್ರಿಲ್ ಮುಗಿದ ಮೇಲೆ ಅದೇ ತೂತನ್ನು 9.7ಕ್ಕೆ ದೊಡ್ಡದು ಮಾಡಿಸಿದರೆ ಟ್ಯಾಪ್‌ಗೂ ಅದೇ ಗೈಡ್. ಎರಡು ಸಲ ಓಡಾಡಬೇಕಾಗುತ್ತದೆ, ಓಡಾಡ್ರಿ. ಇಡೀ ಕೆಲಸದಲ್ಲಿ ಹಣ ಮತ್ತು ಸಮಯ ಹಾಕಬೇಕಾದ ಜಾಗ ಇದೊಂದೇ.

ತೂತಿನ ಆಳ ಮೊದಲೇ ಅಳೆದು ಬಿಟ್ ಮೇಲೆ ಟೇಪ್ ಸುತ್ತಿರಿ. ಹಳೇ ತಳಕ್ಕಿಂತ ಆಳ ಹೋಗಬೇಡ್ರಿ. ಸ್ಟಡ್ ಬಂದಾಗ ಕೂಲಂಟ್ ಸೋರಿದ್ದರೆ ಆ ತೂತು ನೀರಿನ ಜಾಕೆಟ್‌ಗೆ (ಹೆಡ್ ಒಳಗೆ ಕೂಲಂಟ್ ಹರಿಯುವ ದಾರಿಗೆ) ತೆರೆದುಕೊಂಡಿದೆ ಅಂತ ಅರ್ಥ, ಆಗ ಸ್ಟಡ್‌ಗೆ ಶಾಖ ತಡೆಯುವ ಸೀಲೆಂಟ್ ಬೇಕು.

ಡ್ರಿಲ್ ಹಿಡಿಯುವ ಮೊದಲು ನಾಲ್ಕೂ ಪೋರ್ಟ್‌ಗೆ ಬಟ್ಟೆ ತುರುಕಿರಿ. ಯಾವುದೋ ಒಂದು ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತದೆ, ಅಲ್ಯೂಮಿನಿಯಂ ಚೂರು ನೇರ ಸಿಲಿಂಡರ್‌ಗೆ ಹೋಗುತ್ತದೆ. ಟ್ಯಾಪ್‌ನ ಸಂದುಗಳಿಗೆ ಗ್ರೀಸ್ ತುಂಬಿದರೆ ಚೂರು ಅದರಲ್ಲೇ ಅಂಟಿಕೊಳ್ಳುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ನಡುನಡುವೆ ಟ್ಯಾಪ್ ಪೂರ್ತಿ ಹೊರಗೆ ತೆಗೆದು ಒರೆಸಿ, ಹೊಸ ಗ್ರೀಸ್ ಹಚ್ಚಿರಿ. ಕೊನೆಗೆ ತೂತನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಗಾಳಿ ಹೊಡೆದರೆ ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಹಾಕದೆ ಇದನ್ನು ಮುಟ್ಟಬೇಡ್ರಿ.

ಸುರುಳಿ ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗೆ ಇಳಿಯಬೇಕು. ಅದರ ತಳದ ಸಣ್ಣ ಕೊಂಡಿಯನ್ನು ಪಂಚ್‌ನಿಂದ ಒಂದೇ ಏಟಿಗೆ ಮುರಿದು ಚಿಮಟಾದಲ್ಲಿ ಹೊರಗೆ ತೆಗೆಯಿರಿ. ಸ್ಟೇನ್‌ಲೆಸ್ ಆದ್ದರಿಂದ ಮ್ಯಾಗ್ನೆಟ್ ನಂಬಬೇಡ್ರಿ. ಸ್ಟಡ್ ಮಾತ್ರ ಸಾದಾ ಸ್ಟೀಲಿನದೇ ಇರಲಿ, ಸ್ಟೇನ್‌ಲೆಸ್ ಸುರುಳಿಯಲ್ಲಿ ಸ್ಟೇನ್‌ಲೆಸ್ ಸ್ಟಡ್ ಕಚ್ಚಿಕೊಂಡರೆ ಎರಡೂ ಒಟ್ಟಿಗೇ ಬರುತ್ತವೆ. ತಾಮ್ರ ಅಥವಾ ನಿಕಲ್ ಇರುವ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸ್ವಲ್ಪ ಹಚ್ಚಿರಿ.

ಆದರೆ ಥ್ರೆಡ್ ಹೋಗಿದ್ದಾದರೂ ಯಾಕೆ? ನನ್ನ ಅನುಮಾನ ಹೊಸ ಮ್ಯಾನಿಫೋಲ್ಡ್ ಮೇಲೆ. ವೆಲ್ಡ್ ಶಾಖಕ್ಕೆ ಫ್ಲೇಂಜ್ ಬಾಗಿರುತ್ತದೆ, ಬಾಗಿದ್ದನ್ನು ತುದಿಯ ನಟ್ಟಿನಿಂದ ಎಳೆದು ಕೂರಿಸಲು ಹೋದಾಗ ಮೊದಲು ಸೋಲುವುದು ತುದಿಯ ಸ್ಟಡ್ಡೇ. ಗ್ಯಾಸ್ಕೆಟ್ ಇಲ್ಲದೆ ಫ್ಲೇಂಜ್ ಇಟ್ಟು ನೋಡ್ರಿ. ಎಲ್ಲ ಸ್ಟಡ್ ಮೇಲೂ ಕೈಯಿಂದಲೇ ಜಾರಿ ಹೆಡ್‌ಗೆ ಸಮ ಕೂರಬೇಕು. ಅಂಚಿನಲ್ಲಿ ಸಂದು ಕಂಡರೆ ಫ್ಲೇಂಜ್ ಮುಖವನ್ನು ಮಶೀನ್‌ನಲ್ಲಿ ಸಮ ಮಾಡಿಸ್ರಿ. ಕೆಳಗಿನ ಪೈಪಿನ ಭಾರಕ್ಕೆ ಬ್ರಾಕೆಟ್ ಇಲ್ಲದಿದ್ದರೆ ಅದನ್ನೂ ಹಾಕಿಸ್ರಿ, ಇಲ್ಲವಾದರೆ ಆ ಭಾರವೆಲ್ಲ ಸ್ಟಡ್‌ಗಳ ಮೇಲೆ. ನಂತರ ನಡುವಿನಿಂದ ಹೊರಗೆ, ಎರಡು ಮೂರು ಹಂತದಲ್ಲಿ ಟಾರ್ಕ್ ಪಾನಾದಿಂದ (ಬಿಗಿತ ಅಳೆಯುವ ಪಾನಾ) ಬಿಗಿಯಿರಿ. ಇಂಥ ಎಂ8ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, ಸರ್ವಿಸ್ ಮ್ಯಾನುವಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಇಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ಆರಿದ ಮೇಲೆ ಮತ್ತೆ ನೋಡ್ರಿ.

ಮುಂದೆ ಟರ್ಬೊ ಹಾಕುವ ಆಸೆ ಇದೆ ಅಂದಿದ್ದೀರಿ. ಆ ಕೆಲಸದಲ್ಲಿ ಹೆಡ್ಡನ್ನು ಇಂಜಿನ್ ಬ್ಲಾಕ್‌ಗೆ ಬಿಗಿಯುವ ಹೆಡ್ ಬೋಲ್ಟ್‌ನ ಥ್ರೆಡ್ ಹೋದರೆ ಈ ವಿಧಾನವನ್ನು ಮನೆಯಲ್ಲಿ ಮಾಡಬೇಡ್ರಿ, ಬ್ಲಾಕ್ ಬಿಚ್ಚಿ ಮಶೀನ್ ಮೇಲೆ ಇಟ್ಟೇ ಮಾಡಿಸಬೇಕು. ಆ ಕುರುಡು (ತಳ ಮುಚ್ಚಿದ) ತೂತುಗಳಲ್ಲಿ ಎಣ್ಣೆ ಅಥವಾ ನೀರು ಉಳಿದರೆ ಬೋಲ್ಟ್ ಬಿಗಿಯುವಾಗಲೇ ಬ್ಲಾಕ್ ಸೀಳಬಹುದು.

ಸದ್ಯಕ್ಕೆ ತೂತಿನ ಆಳ ಅಳೆದು ಕೆಳಗೆ ಬರೆಯಿರಿ. 12 ಮಿ.ಮೀ. ಉದ್ದದ ಸುರುಳಿ ಸಾಕೋ, 16ರದ್ದು ಕೂರುತ್ತದೋ ಹೇಳುತ್ತೇನೆ.