ಸೊಂಟದ ಇಂಜೆಕ್ಷನ್‌ಗೆ ಸೋಡಾ ಯಾಕೆ ಬೆರೆಸುತ್ತಾರೆ?

ಪ್ರಶ್ನೆ: ಹಾಸನದಲ್ಲಿ ಮಗಳ ಹೆರಿಗೆ ಆಯಿತು. ನೋವಿಗೆ ಎಪಿಡ್ಯೂರಲ್ (ಬೆನ್ನಲ್ಲಿ ಸಣ್ಣ ನಳಿಕೆ ಇಟ್ಟು ಕೊಡುವ ಮದ್ದು) ಕೊಟ್ಟಿದ್ದರು. ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಅರ್ಜೆಂಟಾಗಿ ಸಿಸೇರಿಯನ್ ಮಾಡಿದರು. ಆಗ ಡಾಕ್ಟರು ‘ಸೋಡಾ ಕೊಡಿ’ ಅಂದಿದ್ದು ನನ್ನ ಕಿವಿಗೇ ಬಿತ್ತು. ಮದ್ದು ಸಾಲದೆ ಸೋಡಾ ಬೆರೆಸಿದರಾ? (ಸಕಲೇಶಪುರದ ತಾಯಿಯೊಬ್ಬರು)

ಇಲ್ಲಮ್ಮ. ಇದೇ ಪ್ರಶ್ನೆ ಪದೇ ಪದೇ ಬರುತ್ತದೆ, ಜೊತೆಗೆ ಡಾಕ್ಟರು ಮೋಸ ಮಾಡಿದರು ಅನ್ನುವ ಅನುಮಾನವೂ ಬರುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಹೆಸರಿಗೆ ಅದೇ ಸೋಡಿಯಂ ಬೈಕಾರ್ಬೊನೇಟ್. ಆದರೆ ಅಡುಗೆಮನೆಯ ಪುಡಿ ಅಲ್ಲ, ಇಂಜೆಕ್ಷನ್‌ಗೆಂದೇ ಶುದ್ಧವಾಗಿ ಮಾಡಿ ಆಂಪ್ಯೂಲಿಗೆ (ಮದ್ದಿನ ಪುಟ್ಟ ಸೀಸೆ) ತುಂಬಿದ್ದು. ಆಪರೇಷನ್‌ಗೆ ಜೋಮು ಹಿಡಿಸಲು ಅದೇ ನಳಿಕೆಯಲ್ಲಿ ಕೊಡುವ ಮದ್ದು ಲಿಗ್ನೊಕೇನ್. ರಕ್ತನಾಳ ಕುಗ್ಗಿಸುವ ಅಡ್ರಿನಾಲಿನ್ ಬೆರೆತ ಲಿಗ್ನೊಕೇನ್ ಕೆಡದಿರಲಿ ಅಂತ ಕಂಪನಿಯವರೇ ಅದನ್ನು ಹುಳಿಯಾಗಿ ಇಟ್ಟಿರುತ್ತಾರೆ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3.5ರಿಂದ 5.5. ನಮ್ಮ ರಕ್ತದ್ದು 7.4. ಹುಳಿ ಇದ್ದಷ್ಟು ಹೊತ್ತು ಮದ್ದಿನ ಕಣಗಳಿಗೆ ವಿದ್ಯುತ್ ಚಾರ್ಜ್ ಇರುತ್ತದೆ, ಚಾರ್ಜ್ ಇರುವ ಕಣ ನರದ ಕೊಬ್ಬಿನ ಪೊರೆ ದಾಟುವುದಿಲ್ಲ. ಪಿಎಚ್ 5ರಲ್ಲಿ ದಾಟಬಲ್ಲ ಕಣ ನೂರಕ್ಕೆ ಒಂದೂ ಇಲ್ಲ, 7.4ಕ್ಕೆ ಬಂದರೆ ಸುಮಾರು ಕಾಲು ಭಾಗ. ದೇಹವೇ ಆ ಹುಳಿಯನ್ನು ನಿಧಾನಕ್ಕೆ ಕಡಿಮೆ ಮಾಡುತ್ತದೆ, ಸೋಡಾ ಆ ಕೆಲಸವನ್ನು ಸಿರಿಂಜಿನಲ್ಲೇ ಮುಗಿಸುತ್ತದೆ. ಇದರಿಂದ ಉಳಿತಾಯವಾಗುವುದು ಕೆಲವೇ ನಿಮಿಷ. ಮಗುವಿನ ಎದೆಬಡಿತ ಇಳಿಯುತ್ತಿರುವಾಗ ಆ ಕೆಲವು ನಿಮಿಷ ಎಷ್ಟು ದೊಡ್ಡದು ಅಂತ ನಿಮಗೆ ನಾನು ಹೇಳಬೇಕಾ?

10 ಮಿಲಿ ಲಿಗ್ನೊಕೇನಿಗೆ 8.4% ಸೋಡಾ 1 ಮಿಲಿ, ಅಷ್ಟೇ. ಆಗಲೇ ಬೆರೆಸಿ ಆಗಲೇ ಕೊಡಬೇಕು, ಬೆರೆಸಿಟ್ಟರೆ ಅಡ್ರಿನಾಲಿನ್ ಕೆಡುತ್ತದೆ. ಹೊಸದಾಗಿ ಕಲಿಯುತ್ತಿರುವ ಹುಡುಗರು ಬುಪಿವಕೇನಿಗೂ (ಜೋಮು ಹಿಡಿಸುವ ಇನ್ನೊಂದು ಮದ್ದು) ಇಷ್ಟೇ ಹಾಕಬಹುದಾ ಅಂತ ಕೇಳುತ್ತಾರೆ. ಖಂಡಿತ ಬೇಡ. ಅದಕ್ಕೆ 10 ಮಿಲಿಗೆ 0.1 ಮಿಲಿಯೇ ಜಾಸ್ತಿ. ಮೀರಿದರೆ ತಿಳಿಯಾಗಿದ್ದ ಮದ್ದು ಮಬ್ಬಾಗುತ್ತದೆ, ಸಿರಿಂಜನ್ನು ಬೆಳಕಿಗೆ ಹಿಡಿದರೆ ಬಿಳಿ ಕಣ ತೇಲುವುದು ಕಾಣುತ್ತದೆ. ಅದನ್ನು ಎಸೆಯಬೇಕು. ನಾನಂತೂ ಬುಪಿವಕೇನಿಗೆ ಸೋಡಾ ಮುಟ್ಟಿಸುವುದೇ ಇಲ್ಲ. ಲಿಗ್ನೊಕೇನಿಗೆ ಬೆರೆಸುವಾಗಲೂ ಎಷ್ಟೇ ಗಡಿಬಿಡಿ ಇರಲಿ, ಆಂಪ್ಯೂಲಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಎರಡು ಸಲ ಓದುತ್ತೇನೆ, ಪಕ್ಕದ ನರ್ಸ್ ಹತ್ತಿರವೂ ಓದಿಸುತ್ತೇನೆ.

ಇನ್ನೊಂದು ಮಾತು. ಬೆನ್ನಲ್ಲಿರುವ ಕ್ಯಾಥೆಟರ್, ಅಂದರೆ ಆ ನಳಿಕೆ, ಸರಿಯಾದ ಜಾಗದಲ್ಲಿಲ್ಲದಿದ್ದರೆ ಯಾವ ಸೋಡಾನೂ ಕೆಲಸಕ್ಕೆ ಬರುವುದಿಲ್ಲ. ಸ್ಪಿರಿಟ್ ಹತ್ತಿ ಸವರಿ ‘ತಣ್ಣಗಿದೆಯಾ?’ ಅಂತ ಎರಡೂ ಕಡೆ ಮತ್ತೆ ಮತ್ತೆ ಕೇಳುವುದು ಸುಮ್ನೆ ಅಲ್ಲ, ಜೋಮು ಹಿಡಿದ ಕಡೆ ತಣ್ಣಗೆ ಅನಿಸುವುದಿಲ್ಲ. ಒಂದೇ ಕಡೆ ಜೋಮು ಹಿಡಿದಿದ್ದರೆ ಅದು ಹೆರಿಗೆ ಕೋಣೆಯಲ್ಲೇ ಗೊತ್ತಾಗಬೇಕು, ಆಪರೇಷನ್ ಟೇಬಲ್ ಮೇಲಲ್ಲ.

ಪ್ರಶ್ನೆ: ಆಪರೇಷನ್‌ಗೆ ಮೊದಲು ಸೋಡಾ ಕುಡಿದರೆ ಇಂಜೆಕ್ಷನ್ ಬೇಗ ಹಿಡಿಯುತ್ತದಾ?

ಇಲ್ಲ. ಹೊಟ್ಟೆಗೆ ಹೋದ ಸೋಡಾ ಬೆನ್ನಿಗೆ ಹೋಗುವುದಿಲ್ಲ. ನಿಮ್ಮ ಡಾಕ್ಟರು ಹೇಳದೆ ಏನನ್ನೂ ಕುಡಿಯಬೇಡಿ.

ಪ್ರಶ್ನೆ: ಹಲ್ಲಿನ ಬುಡದಲ್ಲಿ ಕೀವಾಗಿತ್ತು. ಇಂಜೆಕ್ಷನ್ ಕೊಟ್ಟರೂ ನೋವು ಹೋಗಲಿಲ್ಲ. ಮದ್ದು ಹಳೆಯದಾ?

ಕೀವು ತುಂಬಿದ ಜಾಗವೂ ಹುಳಿಯೇ. ಮೇಲೆ ಹೇಳಿದ ಲೆಕ್ಕ ಅಲ್ಲೂ ನಡೆಯುತ್ತದೆ.

ಪ್ರಶ್ನೆ: ಸೊಂಟಕ್ಕೆ ಚುಚ್ಚಿದ ಮದ್ದು ಬೆನ್ನಲ್ಲೇ ಉಳಿದಿದೆ, ಎಣ್ಣೆ ನೀವಿ ಇಳಿಸುತ್ತೇನೆ ಅಂತ ನಮ್ಮ ಮೂಡಿಗೆರೆ ಕಡೆ ಒಬ್ಬರು ಹೇಳುತ್ತಾರೆ. ಹೋಗಲಾ?

ಹೋಗಬೇಡಿ. ಮದ್ದಿನ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ, ಇಳಿಸುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಚುಚ್ಚಿದ ಜಾಗ ನಾಲ್ಕು ದಿನ ನೋಯಬಹುದು. ಹೆರಿಗೆಯಾದ ಮೇಲಿನ ಸೊಂಟನೋವು ಎಪಿಡ್ಯೂರಲ್ ತೆಗೆದುಕೊಳ್ಳದವರಿಗೂ ಬರುತ್ತದೆ. ಆದರೆ ಜ್ವರ ಬಂದು ಬೆನ್ನುನೋವು ಏರುತ್ತಿದ್ದರೆ, ಕಾಲಲ್ಲಿ ಶಕ್ತಿ ಕಡಿಮೆಯಾದರೆ, ಮೂತ್ರ ಕಟ್ಟಿದರೆ, ಅವತ್ತೇ ದೊಡ್ಡಾಸ್ಪತ್ರೆಗೆ ಬನ್ನಿ, ರಾತ್ರಿಯಾದರೂ ಬನ್ನಿ. ಅಂಥ ಹೊತ್ತಲ್ಲಿ ಎಣ್ಣೆ ನೀವಿಸುತ್ತಾ ಎರಡು ದಿನ ಕಳೆದರೆ ಕಾಲಿನ ಶಕ್ತಿ ಮತ್ತೆ ಬಾರದೇ ಹೋಗಬಹುದು.