ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಸೇನಾ ಟ್ರಕ್ಕಿಗೆ ಸ್ಟೆಪ್ನಿ ಸ್ಟ್ಯಾಂಡ್

ಪ್ರಶ್ನೆ: ನನ್ನ ಬಳಿ ಎರಡನೆಯ ಮಹಾಯುದ್ಧ ಕಾಲದ ಜಿಎಂಸಿ ಸಿಸಿಕೆಡಬ್ಲ್ಯು 352 ಟ್ರಕ್ ಇದೆ. ಕ್ಯಾಬಿನ್ನಿನ ಹಿಂದೆ ಇರಬೇಕಾಗಿದ್ದ ಸ್ಟೆಪ್ನಿ ಸ್ಟ್ಯಾಂಡನ್ನು ಹಿಂದಿನವರು ಯಾರೋ ಕಿತ್ತುಹಾಕಿದ್ದಾರೆ. ಆಂಗಲ್‌ಗಳಿಂದ ಒಂದು ಚೌಕಟ್ಟು ಮಾಡಿ, ಅದರ ಕೆಳತುದಿಯನ್ನು ಚಾಸಿಗೆ ವೆಲ್ಡ್ ಮಾಡಿಸಿ, ಮೇಲ್ತುದಿ ಅಲುಗದಂತೆ ಕ್ಯಾಬಿನ್ನಿನ ಹಿಂಬದಿಯ ತಗಡಿಗೆ ಬೋಲ್ಟ್ ಹಾಕಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ: ನೀವು ಆರಿಸಿಕೊಂಡ ಜಾಗ ಸರಿಯಾಗಿದೆ, ಕೂರಿಸಬೇಕೆಂದಿರುವ ವಿಧಾನ ಮಾತ್ರ ಬೇಡ. 145 ಅಂಗುಲ ಗಾಲಿಯಂತರದ 352 ಮಾದರಿಯಲ್ಲಿ ಸ್ಟೆಪ್ನಿಯ ಮೂಲ ಸ್ಥಾನ ಕ್ಯಾಬಿನ್ನಿನ ಹಿಂಭಾಗವೇ ಆಗಿತ್ತು. 164 ಅಂಗುಲದ 353ರಲ್ಲಿ ಅದು ಬಾಡಿಯ ಅಡಿಗೆ ಹೋಗುತ್ತಿತ್ತು.

ಇಂತಹ ಟ್ರಕ್ಕಿನ ಚಾಸಿ ಗಟ್ಟಿ ಹಲಗೆಯಲ್ಲ, ಏಣಿಯಂತೆ ತಿರುಚಿಕೊಳ್ಳುವ ಚೌಕಟ್ಟು. ಮುಂದಿನ ಒಂದು ಗಾಲಿ ಹಳ್ಳಕ್ಕಿಳಿದು ಅದೇ ಬದಿಯ ಹಿಂದಿನ ಗಾಲಿ ದಿಬ್ಬವೇರಿದಾಗ ಎರಡು ಉದ್ದ ತೊಲೆಗಳು ಬೇರೆ ಬೇರೆ ಕೋನಕ್ಕೆ ವಾಲುತ್ತವೆ. ಕ್ಯಾಬಿನ್ ತನ್ನ ಪಾಡಿಗೆ ಬೇರೆಯಾಗಿ ಅಲುಗುತ್ತದೆ. ಹೀಗಿರುವಾಗ ನಿಮ್ಮ ಚೌಕಟ್ಟು ಕೆಳಗೆ ಚಾಸಿಯನ್ನೂ ಮೇಲೆ ಕ್ಯಾಬಿನ್ನನ್ನೂ ಹಿಡಿದುಕೊಂಡರೆ, ಆ ಎರಡರ ಚಲನೆಯ ವ್ಯತ್ಯಾಸವನ್ನೆಲ್ಲ ತಡೆದುಕೊಳ್ಳಬೇಕಾದುದು ತೆಳುವಾದ ತಗಡು. ಮೊದಲು ಬೋಲ್ಟಿನ ತೂತು ಅಗಲವಾಗುತ್ತದೆ, ಆಮೇಲೆ ತಗಡು ಬಿರಿಯುತ್ತದೆ. ಆದ್ದರಿಂದ ಸ್ಟ್ಯಾಂಡ್ ಪೂರ್ತಿಯಾಗಿ ಚಾಸಿಯ ಮೇಲೆಯೇ ನಿಲ್ಲಬೇಕು. ಕ್ಯಾಬಿನ್ನಿಗೂ ಟೈರಿಗೂ ನಡುವೆ ಕನಿಷ್ಠ 5 ಸೆಂಟಿಮೀಟರ್ ಖಾಲಿ ಜಾಗ ಉಳಿಯಬೇಕು.

ಚಾಸಿಗೆ ವೆಲ್ಡಿಂಗ್ ಬೇಡವೇ ಬೇಡ. ತೊಲೆಯ ಮೇಲಂಚು ಮತ್ತು ಕೆಳಂಚುಗಳ ಮೇಲೆ ಹೆಚ್ಚಿನ ಒತ್ತಡ ಬೀಳುವುದರಿಂದ ಅಲ್ಲಿನ ವೆಲ್ಡ್ ಆಗಲಿ, ಹೊಸ ತೂತಾಗಲಿ ಬಿರುಕಿಗೆ ಬುನಾದಿಯಾಗುತ್ತದೆ. ತೊಲೆಯ ಲಂಬ ಭಾಗದಲ್ಲಿ ಈಗಾಗಲೇ ಇರುವ ತೂತುಗಳು ಸಿಕ್ಕರೆ ಬಳಸಿರಿ, ಇಲ್ಲವಾದರೆ ಯು-ಬೋಲ್ಟ್‌ಗಳಿಂದ ಬಿಗಿಯಿರಿ. ಆದರೆ ಯು-ಬೋಲ್ಟ್ ಬಿಗಿದಂತೆಲ್ಲ ಚಾನಲ್ಲಿನ (ಒಂದು ಬದಿ ತೆರೆದಿರುವ ಈ ತೊಲೆಯ) ತೆರೆದ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತದೆ. ಅದಕ್ಕಾಗಿ ಒಳಗೆ ಅಳತೆಗೆ ಕತ್ತರಿಸಿದ ಉಕ್ಕಿನ ತುಂಡನ್ನೋ ಗಟ್ಟಿಮರದ ತುಂಡನ್ನೋ ಬಿಗಿಯಾಗಿ ಕೂರಿಸಿದ ಮೇಲೆಯೇ ನಟ್ ತಿರುಗಿಸಬೇಕು. ಸ್ಟ್ಯಾಂಡಿನ ತಳವನ್ನು ಒಂದು ತೊಲೆಗೆ ಎರಡು ಕಡೆ ಬಿಗಿದು, ಎದುರಿನ ತೊಲೆಗೆ ಒಂದೇ ಕಡೆ, ಅದೂ ದಪ್ಪ ರಬ್ಬರ್ ಇಟ್ಟು ಹಿಡಿಸಿದರೆ, ಚಾಸಿ ತಿರುಚಿದಾಗ ಸ್ಟ್ಯಾಂಡಿನ ಮೇಲೆ ಎಳೆತ ಬೀಳುವುದಿಲ್ಲ.

ಇನ್ನು ಭಾರದ ಮಾತು. 7.50-20 ಟೈರು, ಡಿಸ್ಕು ಸೇರಿ 75 ಕಿಲೋ ಎಂದು ಹಿಡಿಯೋಣ. ನಿಮ್ಮದನ್ನು ತೂಗಿಯೇ ನೋಡಿ. ರಸ್ತೆ ಕೆಟ್ಟಿದ್ದರೆ ಒಂದು ಎತ್ತಿಹಾಕುವಿಕೆಗೆ ಅದರ ಮೂರರಷ್ಟು, ಅಂದರೆ 225 ಕಿಲೋ ಭಾರ ಸ್ಟ್ಯಾಂಡಿನ ಮೇಲೆ ಬೀಳುತ್ತದೆಂದು ಲೆಕ್ಕ ಹಾಕುವುದು ಕ್ಷೇಮ. ಹೀಗಾಗಿ ಚಕ್ರವನ್ನು ಬೋಲ್ಟುಗಳಿಂದಷ್ಟೇ ತೂಗುಹಾಕುವ ಯೋಜನೆ ನನಗೆ ಒಪ್ಪಿಗೆಯಾಗುವುದಿಲ್ಲ. ಟೈರಿನ ಅಡಿಗೆ, ಎದುರುಬದುರಾಗಿ ಓರೆಯಿಟ್ಟ ಎರಡು ಆಂಗಲ್ ತುಂಡುಗಳ ತೊಟ್ಟಿಲು ಮಾಡಿಸಿ. ಟೈರಿಗೆ ತಾಗುವ ಅವುಗಳ ಅಂಚುಗಳನ್ನು ಉಜ್ಜಿ ದುಂಡಗಾಗಿಸಬೇಕು. ಭಾರ ತೊಟ್ಟಿಲಿನ ಮೇಲಿರಲಿ, ಡಿಸ್ಕಿನ ತೂತುಗಳಲ್ಲಿ ಹಾಯುವ ಬೋಲ್ಟುಗಳ ಕೆಲಸ ಚಕ್ರ ಮುಂದಕ್ಕೆ ವಾಲದಂತೆ ಹಿಡಿಯುವುದಷ್ಟೇ ಆಗಿರಲಿ. ಆಗ ಆರು ತೂತುಗಳ ಪೈಕಿ ಎದುರೆದುರಿನ ಎರಡು ಸಾಕು. ಬ್ರೇಕ್ ಹಾಕಿದಾಗ ಇಡೀ ಸ್ಟ್ಯಾಂಡ್ ಕ್ಯಾಬಿನ್ನಿನತ್ತ ಬಾಗಲು ನೋಡುತ್ತದೆ. ನೆಟ್ಟಗಿನ ಎರಡು ಕಂಬಗಳಿಗೂ ಹಿಂದಕ್ಕೆ ಒಂದೊಂದು ಓರೆ ಆಸರೆ ಕೊಡದೆ ಬಿಡಬೇಡಿ.

ತೊಟ್ಟಿಲನ್ನು ಚಾಸಿಗೆ ಆದಷ್ಟು ಹತ್ತಿರದಲ್ಲಿಡಿ. ಮೇಲೇರಿದಷ್ಟೂ ಓಲಾಟ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಪಂಕ್ಚರ್ ಆದ ದಿನ ಅದನ್ನು ಇಳಿಸಬೇಕಾದವರು ನೀವು. ಇಬ್ಬರಿದ್ದರೆ ಹಲಗೆಯ ಮೇಲೆ ಜಾರಿಸಬಹುದು, ಒಬ್ಬರೇ ಇದ್ದರೆ ಕಂಬಗಳ ನೆತ್ತಿಯ ಅಡ್ಡಪಟ್ಟಿಗೆ ಸಣ್ಣ ರಾಟೆ ಹಾಕುವ ಕೊಕ್ಕೆ ಇರಲಿ. ಈ ಅನುಕೂಲವನ್ನು ಕಾರ್ಖಾನೆಗಳೇ ಎಷ್ಟೋ ಸಲ ಕಡೆಗಣಿಸಿವೆ: ಅದೇ ಕಾಲದ ಸೇನಾ ವಾಹನ ಡಾಡ್ಜ್ ಡಬ್ಲ್ಯುಸಿ-51ರಲ್ಲಿ ಸ್ಟೆಪ್ನಿ ಚಾಲಕನ ಬದಿಗೇ ಇದ್ದು, ಅವನು ಹತ್ತುವ ದಾರಿಯನ್ನೇ ತಡೆಯುತ್ತಿತ್ತು.

ಈ ಚಕ್ರಗಳ ಡಿಸ್ಕಿಗೆ ಲಾಕ್ ರಿಂಗ್ (ಟೈರನ್ನು ಹಿಡಿದಿಡುವ ಬಿಡಿ ಬಳೆ, ಗಾಳಿಯ ಒತ್ತಡಕ್ಕೆ ಕಳಚಿ ಸಿಡಿಯಬಹುದು) ಇರುವುದರಿಂದ, ರಿಂಗಿನ ಮುಖ ಕ್ಯಾಬಿನ್ನಿನ ಕಡೆಗೆ ಬಾರದಂತೆ ಚಕ್ರವನ್ನು ನಿಲ್ಲಿಸಿ. ಸ್ಟ್ಯಾಂಡಿನ ಮೇಲಿಟ್ಟೇ ಗಾಳಿ ತುಂಬುವ ಅಭ್ಯಾಸ ಅಪಾಯಕರ. ಕಬ್ಬಿಣದ ಪಂಜರದೊಳಗೆ ತುಂಬಿಯೇ ಮೇಲೇರಿಸಬೇಕು.

ಪ್ರಶ್ನೆ: ಇದೇ ಟ್ರಕ್ಕಿನ ಎಡಗಡೆಯ ಗಾಲಿ ನಟ್‌ಗಳು ಉಲ್ಟಾ ತಿರುಗುತ್ತವೆ. ಸ್ಟ್ಯಾಂಡಿಗೆ ಯಾವ ಬೋಲ್ಟ್ ಹಾಕಿಸಲಿ?

ಉತ್ತರ: ಗಾಲಿ ಓಡುವಾಗ ನಟ್ ತಾನಾಗಿ ಸಡಿಲವಾಗದಿರಲೆಂದು ಎಡಗಡೆಗೆ ಎಡಮರೆ (ಉಲ್ಟಾ ಸುತ್ತಿನ ಥ್ರೆಡ್) ಕೊಟ್ಟಿದ್ದಾರೆ. ಸ್ಟ್ಯಾಂಡಿನ ಮೇಲಿನ ಚಕ್ರ ತಿರುಗುವುದಿಲ್ಲವಾದ್ದರಿಂದ ಸಾಧಾರಣ ಬಲಮರೆಯೇ ಸಾಕು. ನಟ್‌ನ ತಲೆ ಮಾತ್ರ ನಿಮ್ಮ ವೀಲ್ ಪಾನಕ್ಕೆ (ಸ್ಪ್ಯಾನರಿಗೆ) ಹೊಂದುವ ಅಳತೆಯದಾಗಿರಲಿ, ಇಲ್ಲವಾದರೆ ಇನ್ನೊಂದು ಪಾನ ಹೊತ್ತುಕೊಂಡು ತಿರುಗಬೇಕಾಗುತ್ತದೆ. ನಟ್ ಮೇಲೆ ಲಾಕ್ ನಟ್ ಹಾಕಿ, ಡಿಸ್ಕಿನ ನಡುವೆ ಸರಪಳಿ ಹಾಯಿಸಿ ಕಂಬಕ್ಕೆ ಬೀಗ ಹಾಕಿದರೆ ಬೋಲ್ಟ್ ತುಂಡಾದರೂ ಚಕ್ರ ರಸ್ತೆಗೆ ಬೀಳುವುದಿಲ್ಲ.