ಪಾಲಿಕೆ ಮತ್ತು ನಿವಾಸಿಗಳು ಸೇರಿ ಬಡಾವಣೆಯನ್ನು ಸರಿ ಮಾಡುವುದು ಹೇಗೆ?

ಇದಕ್ಕೆ ವಾರ್ಡ್ ಸಮಿತಿ ಇದೆ. ಕರ್ನಾಟಕದ ಪಾಲಿಕೆಗಳಿಗೆ 2016ರಲ್ಲಿ ಬಂದ ನಿಯಮದ ಪ್ರಕಾರ (ಬೆಂಗಳೂರಿಗೆ ಈಗ ಬೇರೆ ಕಾನೂನು ಇದೆ) ಕಾರ್ಪೊರೇಟರ್ ಅದರ ಅಧ್ಯಕ್ಷರು. ಜೊತೆಗೆ 10 ಸದಸ್ಯರು. ಅವರಲ್ಲಿ ಕನಿಷ್ಠ 3 ಮಹಿಳೆಯರು, ನಿವಾಸಿಗಳ ಸಂಘದಿಂದ ಇಬ್ಬರು ಇರಬೇಕು.

ಒಂದು ಕಸದ ಮೂಲೆಯನ್ನೇ ನೋಡಿ. ಟ್ರಾನ್ಸ್‌ಫಾರ್ಮರ್ ಪಕ್ಕ ದಿನಾ ರಾಶಿ ಬೀಳುತ್ತದೆ, ದಿನಾ ಲಾರಿ ಎತ್ತುತ್ತದೆ. ಸುಮ್ನೆ ಎತ್ತಿದರೆ ಅದು ನಿಲ್ಲುವುದಿಲ್ಲ, ಅಲ್ವಾ? ಮೊದಲು ಪೌರಕಾರ್ಮಿಕರನ್ನು ಕೇಳಬೇಕು. ಯಾರು, ಎಷ್ಟು ಹೊತ್ತಿಗೆ ಹಾಕುತ್ತಾರೆ ಅನ್ನುವುದು ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಅವರಿಗೆ. ಎಷ್ಟೋ ಕಡೆ, ಆಟೋ ಟಿಪ್ಪರ್ ಬರುವ ಮೊದಲೇ ಕೆಲಸಕ್ಕೆ ಹೊರಡುವವರು ಚೀಲ ಇಟ್ಟು ಹೋಗಿರುತ್ತಾರೆ. ಅವರನ್ನು ಬೈಯುವ ಬದಲು ಗಾಡಿಯ ಹೊತ್ತು ಬದಲಿಸಿ. ಆಮೇಲೆ ಪಾಲಿಕೆಯವರು ಜಾಗ ತೊಳೆದು, ಗೋಡೆಗೆ ಸುಣ್ಣ ಹೊಡೆಯಲಿ. ಬೀದಿಯವರು ರಂಗೋಲಿ ಹಾಕಿ, ನಾಲ್ಕು ಕುಂಡ ಇಡಲಿ. ಮೊದಲ ಒಂದೆರಡು ವಾರ ಬೆಳಿಗ್ಗೆ ಯಾರಾದರೂ ಅಲ್ಲಿ ನಿಲ್ಲಲೇಬೇಕು, ಇದನ್ನು ಬಿಟ್ಟರೆ ರಾಶಿ ಮತ್ತೆ ಬೀಳುತ್ತದೆ.

ಚರಂಡಿ, ಬೀದಿದೀಪಕ್ಕೂ ಇದೇ ದಾರಿ. ವಾರ್ಡ್ ಸಮಿತಿಯ ಸಭೆಗೆ ಫೋಟೋ ತೆಗೆದುಕೊಂಡು ಹೋಗಿ. ಯಾವ ಎಂಜಿನಿಯರ್, ಯಾವ ದಿನದೊಳಗೆ ಮಾಡುತ್ತಾರೆ ಎಂದು ನಡಾವಳಿಯಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದಿಸಿ.